ಒತ್ತಿದರೆ ನಿಲ್ಲುವ ಮಿಷನ್ನು

ನಮ್ಮ ಮೇಡಂ ಅವರ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಮೊದಲೇ ಸವೆಯುತ್ತಿತ್ತು. ಅದೂ ಹಿಮ್ಮಡಿಯಲ್ಲಲ್ಲ, ಹೆಬ್ಬೆರಳಿನ ಬುಡದಲ್ಲಿ. ಅಲ್ಲಿ ರಬ್ಬರು ತೆಳ್ಳಗಾಗಿ ಕಡೆಗೊಂದು ದಿನ ನಾಣ್ಯದಷ್ಟು ಅಗಲದ ತೂತು ಬೀಳುತ್ತಿತ್ತು. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಎಡಗಡೆ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಬ್ಬಿಬ್ಬಾದಾಗಲೆಲ್ಲ ಮೇಡಂ ಅದನ್ನು ಒತ್ತುತ್ತಿದ್ದರು. ಸಾಗರದ ಹೆಂಗಸರ ಅಂಜಿಕೆಯೆಲ್ಲ ಈ ಚಪ್ಪಲಿಯ ಮೇಲೇ ಹೋಯಿತು ಎಂದು ನಾನೊಮ್ಮೆ ತಮಾಷೆ ಮಾಡಿದೆ. ಅವರು ನಗಲಿಲ್ಲ. "ಎಲ್ಲರದ್ದೂ ಅಲ್ಲ ಸಿಸ್ಟರ್. ಅರ್ಧ ಚಪ್ಪಲಿ ನಿಮ್ಮೊಬ್ರದ್ದೇ" ಎಂದರು.

ನಾನು ನರ್ಸ್. ಮನೆ ಸಾಗರದಲ್ಲಿ, ಕೆಲಸ ಹೊಸನಗರದ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ. ಬೆಳಗಿನ ಬಸ್ಸು ತಪ್ಪಿತೆಂದರೆ ಅರ್ಧ ದಿನ ಹೋದಂತೆಯೇ. ಹಳೆಯದೊಂದು ಕಾರು ತೆಗೆದುಕೊಳ್ಳುವ ಮಾತು ಮನೆಯಲ್ಲಿ ಆಗಾಗ ಬರುತ್ತಿತ್ತು. "ತಗಳಣ. ಆದ್ರೆ ಓಡಿಸೋದು ಯಾರು? ನಂಗೆ ದಿನಾ ಬೇಕರಿ ಬಿಟ್ಟು ಬರಕ್ಕಾಗತ್ತಾ?" ಎಂದು ನನ್ನ ಗಂಡ ಕೇಳುತ್ತಿದ್ದರು, ಮಾತು ಅಲ್ಲಿಗೆ ನಿಲ್ಲುತ್ತಿತ್ತು. ನಾನೇ ಓಡಿಸಬಹುದು ಎನ್ನುವುದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಬಸ್ಸು ತಪ್ಪಿಸಿಕೊಂಡು ಸ್ಟ್ಯಾಂಡಿನ ಹೊರಗೆ ನಿಂತಿದ್ದೆ. ಮುಂದೆ ಕೆಂಪು 'ಎಲ್' ಹಚ್ಚಿದ ಕಡುನೀಲಿ ಬಣ್ಣದ ಪುಟ್ಟ ಕಾರೊಂದು ಬಂದು ನಿಂತಿತು. ಒಳಗಿದ್ದ ಹೆಂಗಸು ಬಗ್ಗಿ, "ಆಸ್ಪತ್ರೆ ಸಿಸ್ಟರ್ ಅಲ್ವಾ? ಹೊಸನಗರಕ್ಕೆ ಕಾಗದಪತ್ರದ ಕೆಲಸಕ್ಕೆ ಹೊರಟಿದೀನಿ. ಹತ್ತಿ" ಎಂದರು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ. "ಇಂಜೆಕ್ಷನ್ ಕೊಡೋಕೆ ಮೊದಲ್ನೇ ದಿನ ಕೈ ನಡುಗಿತ್ತಾ?" ನಡುಗಿತ್ತು ಎಂದೆ. "ಈಗ?" ಈಗಿಲ್ಲ ಎಂದೆ. ಇಳಿಯುವಾಗ, "ಹಂಗಾದ್ರೆ ನಾಳೆಯಿಂದ ಈ ಕಡೆ ಬಂದು ಕೂರಿ" ಎಂದು ಸ್ಟೇರಿಂಗ್ ತಟ್ಟಿ ತೋರಿಸಿದರು. ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕಿದ್ದು ಅದೇ ವಾರ.

ಮೇಡಂ ಊರು ತೀರ್ಥಹಳ್ಳಿ. ಸಾಗರಕ್ಕೆ ಬಂದದ್ದು ಟೈಪಿಂಗ್ ಕಲಿಸಲು. ಕಂಪ್ಯೂಟರ್ ಬಂದು ಟೈಪಿಂಗ್ ಶಾಲೆ ಮುಚ್ಚಿದಾಗ ಮಿಷನ್ನುಗಳನ್ನೆಲ್ಲ ಮಾರಿ ಈ ಕಾರು ಕೊಂಡರಂತೆ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಟೈಪಿಂಗ್ ಕಲಿಸುವಾಗ ಹುಡುಗಿಯರು ಅಕ್ಷರ ನೋಡಬಾರದೆಂದು ಕೈಗಳ ಮೇಲೆ ಬಟ್ಟೆ ಮುಚ್ಚುತ್ತಿದ್ದರಂತೆ. ಕಾರಿನಲ್ಲೂ ಅದೇ ಪಾಠ. ನಾನು ಗೇರು ಎಲ್ಲಿದೆಯೆಂದು ಕೆಳಗೆ ನೋಡಿದರೆ ಗಲ್ಲಕ್ಕೆ ಬೆರಳು ಹಚ್ಚಿ ನನ್ನ ಮುಖವನ್ನು ರಸ್ತೆಗೆ ತಿರುಗಿಸುತ್ತಿದ್ದರು. "ಕೈಗೆ ಅದರ ಕೆಲಸ ಗೊತ್ತಾಗತ್ತೆ. ನೀವು ಮಧ್ಯೆ ಹೋಗ್ಬೇಡಿ."

ನಾನು ಕಲಿಯುತ್ತಿದ್ದ ಆ ದಿನಗಳಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಡ್ರೈವಿಂಗ್ ಶಾಲೆ ತೆರೆಯಿತು. ಬೆಳ್ಳಗೆ ಫಳಫಳ ಹೊಳೆಯುವ ಹೊಸ ಕಾರುಗಳು. ಮೇಡಂ ಬಳಿ ಬರುವವರು ಒಬ್ಬೊಬ್ಬರೇ ಆ ಕಡೆ ಸರಿಯತೊಡಗಿದರು. ಅದೇ ಹೊತ್ತಿಗೆ ಹೊಸನಗರದ ಹೆಂಗಸರಿಗೆ ಕಾರು ಓಡಿಸಲು ಕಲಿಸುವ ಸರ್ಕಾರದ ತರಬೇತಿಯೊಂದು ಬಂತು. ಅದನ್ನು ನಡೆಸುವ ಕೆಲಸ ಸಿಕ್ಕಿದರೆ ಮೇಡಂ ಶಾಲೆ ಉಳಿಯುತ್ತಿತ್ತು, ಇಲ್ಲದಿದ್ದರೆ ಮುಚ್ಚಬೇಕಿತ್ತು. ಒಮ್ಮೆ ಬಾಗಿಲು ಹಾಕಿದವರು ಅವರು. ಎರಡನೆಯ ಸಲ ಹಾಕುವ ಮನಸ್ಸು ಅವರಿಗಿರಲಿಲ್ಲ.

ನೋಡಲು ಬಂದ ಅಧಿಕಾರಿ ಕಾರಿಗೆ ಒಂದು ಸುತ್ತು ಹಾಕಿದರು. ಕಾಗದಗಳೆಲ್ಲ ಸರಿಯಿದ್ದವು, ಇಂಜಿನ್ನೂ ಸರಿಯಿತ್ತು. ಆದರೂ ತಲೆ ಅಲ್ಲಾಡಿಸಿದರು. "ಗಾಡಿ ತುಂಬಾ ಹಳೇದು ಕಾಣತ್ತೆ ಮೇಡಂ. ಹಿಂಗಿರೋ ಕಾರಲ್ಲಿ ಕಲಿಸ್ತಾರೆ ಅಂದ್ರೆ ನಮ್ಮನ್ನ ಕೇಳ್ತಾರೆ. ಮುಂದಿನ ತಿಂಗಳು ಇನ್ನೊಂದ್ ಸಲ ನೋಡಣ."

ಅವರು ಹೋದ ಮೇಲೆ ಮೇಡಂ ಬಾನೆಟ್ ಮುಂದೆ ಬಹಳ ಹೊತ್ತು ನಿಂತರು. ಮಳೆಗಾಲದಲ್ಲಿ, ಮೋಡ ಮುಚ್ಚಿದಾಗ ಏನೂ ಗೊತ್ತಾಗದು. ಅಂದು ಒಳ್ಳೆಯ ಬಿಸಿಲಿತ್ತು. ಕಡುನೀಲಿಯ ಮೇಲೆ ಸೂರ್ಯನ ಬಿಂಬ ಬಿದ್ದಲ್ಲೆಲ್ಲ ಅದರ ಸುತ್ತ ಕೂದಲೆಳೆಯಂಥ ಸಾವಿರಾರು ಗೀರುಗಳು ಸುತ್ತುಸುತ್ತಾಗಿ ಎದ್ದು ಕಾಣುತ್ತಿದ್ದವು, ಜೇಡರ ಬಲೆಯ ಹಾಗೆ. ಅವುಗಳಿಂದಾಗಿಯೇ ಬಣ್ಣಕ್ಕೆ ಬೂದಿ ಎರಚಿದಂತೆ ಕಾಣುತ್ತಿತ್ತು. ಮೇಡಂ ಅವಕ್ಕೆ ಸುಳಿ ಎಂದರು. "ಇದು ಯಾರು ಮಾಡಿದ್ದು ಗೊತ್ತಾ ಸಿಸ್ಟರ್? ನಾನೇ. ದಿನಾ ಬೆಳಿಗ್ಗೆ ಕೆಂಪು ಧೂಳನ್ನ ಒಣ ಬಟ್ಟೆಲಿ ಉಜ್ತಿದ್ನಲ್ಲ. ಕ್ಲೀನ್ ಮಾಡ್ತಿದೀನಿ ಅಂತ ತಿಳ್ಕಂಡು ಮರಳು ಕಾಗದ ತಿಕ್ಕಿದ ಹಂಗೆ ತಿಕ್ಕಿದೀನಿ."

ಮೊದಲು ಕಾರನ್ನು ಪಾಲಿಶ್ ಮಾಡುವ ಒಬ್ಬನ ಬಳಿ ಒಯ್ದೆವು. ಅವನ ಕೈಯಲ್ಲಿದ್ದದ್ದು ಕಬ್ಬಿಣ ಉಜ್ಜುವ ಗ್ರೈಂಡರಿನ ಅಣ್ಣನಂಥ ಮಿಷನ್ನು. ತುದಿಗೆ ದಪ್ಪ ಉಣ್ಣೆಯ ಬಿಲ್ಲೆ. ಅದು ಒಂದೇ ಸಮನೆ ಗಿರಗಿರ ತಿರುಗುವಾಗ ಬಾನೆಟ್ಟಿನ ನಡುಭಾಗ ಕಣ್ಣೆದುರೇ ಹೊಳೆಯತೊಡಗಿತು. ನಾನು ಖುಷಿಯಿಂದ ಮೇಡಂ ಕೈ ಹಿಡಿದೆ. ಅಷ್ಟರಲ್ಲಿ ಅವನು ಬಾನೆಟ್ಟಿನ ಏಣಿನ, ಅಂದರೆ ಉಬ್ಬಿದ ಅಂಚಿನ ಮೇಲೆ ಮಿಷನ್ನನ್ನು ತುಸು ಹೆಚ್ಚು ಹೊತ್ತು ಹಿಡಿದ. ಸುಟ್ಟ ವಾಸನೆ ಬಂತು. ಎತ್ತಿ ನೋಡಿದರೆ ಏಣಿನ ಉದ್ದಕ್ಕೂ ಬಣ್ಣ ಹೋಗಿ ಕೆಳಗಿನ ಬಿಳಿ ಪ್ರೈಮರ್ ಕಾಣುತ್ತಿತ್ತು.

"ಹಳೇ ಪೇಂಟು ಮೇಡಂ, ತಡಕಳಲ್ಲ" ಎಂದ ಅವನು. ನನಗೆ ಮೈ ಉರಿದುಹೋಯಿತು. ಮೇಡಂ ಮಾತ್ರ ಜಗಳಕ್ಕೆ ಇಳಿಯಲಿಲ್ಲ. ಆ ಮಿಷನ್ನನ್ನು ಕೈಗೆ ತೆಗೆದುಕೊಂಡು, ಬಿಲ್ಲೆಯನ್ನು ಬೆರಳಿನಿಂದ ತಿರುಗಿಸಿ, "ಎಷ್ಟು ಒತ್ತಿದ್ರೂ ಇದು ತಿರುಗ್ತಾನೇ ಇರತ್ತಾ?" ಎಂದು ಕೇಳಿದರು.

"ಹೌದು ಮೇಡಂ, ಒಳ್ಳೆ ಪವರ್ರು."

"ಹಾಂ, ಗೊತ್ತಾಯ್ತು" ಎಂದು ವಾಪಸು ಕೊಟ್ಟರು. ಉಳಿದ ಕಾರನ್ನು ಅವನಿಗೆ ಮುಟ್ಟಲು ಬಿಡದೆ ಹೊರಗೆ ತಂದರು. ಆ ವಾರವೆಲ್ಲ ಅವರು ಫೋನಿನಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು. ನನ್ನ ಪಾಠದ ನಡುವೆಯೂ ಅದೇ ಮಾತು. "ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರತ್ತಂತೆ ಸಿಸ್ಟರ್. ಸುಳಿ ಇರೋದು ಅದ್ರಲ್ಲೇ. ಅದನ್ನ ಒಂಚೂರೇ ಚೂರು ಸವೆಸಿ ಸಮ ಮಾಡಿದ್ರೆ ಆಯ್ತು. ಜಾಸ್ತಿ ಸವೆಸಿದ್ರೆ ಅವನು ಮಾಡಿದ ಹಂಗಾಗತ್ತೆ. ಬಲಗಡೆ ಇಂಡಿಕೇಟರ್ ಹಾಕಿ."

ನನ್ನ ರಜೆಯ ದಿನ ಇಬ್ಬರೂ ಶಿವಮೊಗ್ಗಕ್ಕೆ ಹೋದೆವು. ಅಂಗಡಿಯವರು ವಯಸ್ಸಾದ, ಸಮಾಧಾನದ ಮನುಷ್ಯ. ಮೊದಲು ತೋರಿಸಿದ್ದು ಅದೇ ಗಿರಗಿರ ತಿರುಗುವ ಜಾತಿ. ಮೇಡಂ ಬೇಡವೆಂದರು. ಆಮೇಲೆ ಇನ್ನೊಂದು ತಂದರು. ಇದರ ಬಿಲ್ಲೆ ತನ್ನ ಸುತ್ತ ತಿರುಗುತ್ತ, ಅದರ ಜೊತೆಗೇ ಸಣ್ಣಗೆ ಓಲಾಡುತ್ತ ಸುತ್ತು ಹಾಕುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಬಿಸಿ ಕೂರುವುದು ಕಡಿಮೆ. ಮೇಡಂ ಅದನ್ನು ಕೊಳ್ಳುವ ಮೊದಲು ಪಟ್ಟ ಪಾಡು ನೋಡಬೇಕಿತ್ತು. ಎರಡೂ ಕೈಯಲ್ಲಿ ಹಿಡಿದು ಅಂಗಡಿಯ ಗೋಡೆಗೆ ಅಡ್ಡಡ್ಡ ಚಾಚಿ ನಿಂತರು. ಗಿರಾಕಿಗಳೆಲ್ಲ ಅವರನ್ನೇ ನೋಡಿದರು. "ಬಾಗಿಲಿಗೆ ಮಾಡುವಾಗ ಹಿಂಗೇ ಹಿಡೀಬೇಕಲ್ಲ. ಭಾರ ಆದ್ರೆ ಕೈ ಸೋಲತ್ತೆ, ಕೈ ಸೋತ್ರೆ ಬಿಲ್ಲೆ ಓರೆ ಆಗತ್ತೆ" ಎಂದು ನನಗೆ ವಿವರಿಸಿದರು. ವೇಗದ ಗುಂಡಿಯನ್ನು ತೀರ ಕಡಿಮೆಗೆ ಇಟ್ಟು ಚಾಲೂ ಮಾಡಿಸಿ, ಎಗರದೆ ನಿಧಾನಕ್ಕೆ ಶುರುವಾಗುತ್ತದೆಯೇ ನೋಡಿದರು. ವೈರು ಕಾರಿನ ಆಚೆ ತುದಿಗೆ ಮುಟ್ಟುತ್ತದೆಯೇ ಎಂದು ನೆಲದ ಮೇಲೆ ಹಾಸಿ ನೋಡಿದರು. ನಮ್ಮದು ಸಣ್ಣ ಕಾರು, ತಿರುವುಗಳೇ ಹೆಚ್ಚು, ಅದಕ್ಕೆ ದೊಡ್ಡ ಬಿಲ್ಲೆ ಬೇಡವೆಂದು ಅಂಗೈಯಗಲದ್ದನ್ನು ಆರಿಸಿದರು.

ಕೊನೆಗೆ, ಚಾಲೂ ಇದ್ದ ಮಿಷನ್ನನ್ನು ಒಂದು ರಟ್ಟಿನ ಮೇಲಿಟ್ಟು ಬಲವಾಗಿ ಒತ್ತಿದರು. ಸದ್ದು ಬರುತ್ತಲೇ ಇತ್ತು, ಆದರೆ ಬಿಲ್ಲೆ ತಿರುಗುವುದು ನಿಂತಿತು. ಅಂಗಡಿಯವರು ಸಂಕೋಚದಿಂದ, "ಅದು ಹಂಗೇ ಮೇಡಂ. ಜಾಸ್ತಿ ಒತ್ತಿದ್ರೆ ನಿಂತ್ಬಿಡತ್ತೆ. ಕೆಲಸಾನೂ ನಿಧಾನ. ಪವರ್ ಬೇಕಂದ್ರೆ ಅದೇ ತಗಳಿ" ಎಂದರು.

ಮೇಡಂ ಮುಖ ಅರಳಿತು. "ನಿಲ್ಲೋದೇ ಬೇಕು ನಂಗೆ. ಇಷ್ಟು ವರ್ಷ ನಾನೂ ಅದನ್ನೇ ಮಾಡ್ಕಂಡು ಬಂದಿರೋದು. ಕಲಿಯೋರು ತಪ್ಪಿದ್ರೆ ಗಾಡಿ ನಿಲ್ಬೇಕು, ಅಷ್ಟೆ. ಪ್ಯಾಕ್ ಮಾಡಿ."

ಸಾಗರದ ಹೊರವಲಯದಲ್ಲಿ ನಿಂತುಹೋದ ಅಕ್ಕಿ ಗಿರಣಿಯೊಂದರ ಶೆಡ್ಡು ಮೇಡಂಗೆ ಗೊತ್ತಿದ್ದವರದು. ಕೆಲಸಕ್ಕೆ ಕಾರನ್ನು ಅಲ್ಲಿಗೆ ಒಯ್ದೆವು. ನೆರಳು ಬೇಕೇ ಬೇಕು. ಬಿಸಿಲಲ್ಲಿ ತಗಡು ಕಾದರೆ ಹಚ್ಚಿದ ಪಾಲಿಶು ಅಲ್ಲೇ ಒಣಗಿ ಹಿಡಿದುಕೊಳ್ಳುತ್ತದೆ. ಆದರೆ ಕಾರನ್ನು ಅವರು ತಕ್ಷಣ ಮುಟ್ಟಲಿಲ್ಲ. ಗುಜರಿಯಿಂದ ಯಾವುದೋ ಕಾರಿನ ಕಪ್ಪು ಬಾಗಿಲೊಂದನ್ನು ತಂದು ಎರಡು ಸ್ಟೂಲುಗಳ ಮೇಲೆ ಮಲಗಿಸಿದರು. "ಇದು ನಮ್ಮ ಎಲ್ ಬೋರ್ಡು" ಎಂದರು. ಆ ಬಾಗಿಲಿನ ಮೇಲೆ ನಾವಿಬ್ಬರೂ ಮಾಡದ ತಪ್ಪಿಲ್ಲ. ನಾನು ಮಿಷನ್ನನ್ನು ಗಾಳಿಯಲ್ಲೇ ಚಾಲೂ ಮಾಡಿದೆ, ಪಾಲಿಶೆಲ್ಲ ಚಿಮ್ಮಿ ಇಬ್ಬರ ಮುಖಕ್ಕೂ ಹಾರಿತು. ಮೇಡಂ ಕನ್ನಡಕ ಒರೆಸಿಕೊಂಡು, "ಬಿಲ್ಲೆನ ಮೊದಲು ತಗಡಿಗೆ ತಾಗಿಸಿ, ಆಮೇಲೆ ಸ್ವಿಚ್ಚು. ಕ್ಲಚ್ಚು ಒತ್ತದೆ ಗೇರ್ ಹಾಕಿದ ಹಂಗಾಯ್ತು ನಿಮ್ದು" ಎಂದರು.

ಬಿಲ್ಲೆಯ ಹಿಂದಿನ ತಟ್ಟೆಯ ಅಂಚಿಗೆ ಅವರು ಉಗುರುಬಣ್ಣದಲ್ಲಿ ಒಂದು ಕೆಂಪು ಗೆರೆ ಎಳೆದಿದ್ದರು. ಉಗುರಿಗೆ ಬಣ್ಣ ಹಚ್ಚಿದ್ದನ್ನು ನಾನು ಕಂಡವಳಲ್ಲ. ಅದಕ್ಕೆಂದೇ ಶೀಶೆ ಕೊಂಡಿದ್ದರು. "ಆ ಗೆರೆ ಸುತ್ತುತಾ ಇದ್ರೆ ಕೆಲಸ ಆಗ್ತಿದೆ. ನಿಂತ್ರೆ ನೀವು ಒತ್ತಿದ್ದು ಜಾಸ್ತಿ ಆಯ್ತು." ಆ ಗೆರೆಯನ್ನು ನೋಡುತ್ತ ನೋಡುತ್ತ ನನ್ನ ಕೈಗೆ ಹದ ಸಿಕ್ಕಿತು. ಮಿಷನ್ನಿನ ಭಾರವೇ ಸಾಕು, ನನ್ನ ಭಾರ ಬೇಡ. ನಾವು ಸುಮ್ಮನೆ ದಾರಿ ತೋರಿಸಿದರೆ ಆಯಿತು.

ಆಮೇಲೆ ಕಾರು. ಮೊದಲು ನೀರು ಧಾರಾಳವಾಗಿ ಹುಯ್ದು, ಸೋಪಿನ ನೀರಲ್ಲಿ ಮೆತ್ತನೆಯ ಬಟ್ಟೆ ಅದ್ದಿ ತೊಳೆದೆವು. ಬಣ್ಣಕ್ಕೆ ಕಚ್ಚಿಕೊಂಡಿದ್ದ ಸಣ್ಣ ಕಸವನ್ನು ಜೇಡಿಮಣ್ಣಿನಂಥ ಉಂಡೆಯೊಂದರಿಂದ ಸವರಿ ತೆಗೆದೆವು. ಏಣುಗಳ ಮೇಲೆ, ರಬ್ಬರಿನ ಮೇಲೆ, ದೀಪಗಳ ಅಂಚಿಗೆ ಕಾಗದದ ಟೇಪು ಅಂಟಿಸಿದೆವು. ಡಿಕ್ಕಿಯ ಮುಚ್ಚಳದ ಮೇಲೆ ಒಂದು ಸಣ್ಣ ಚೌಕ ಗುರುತಿಸಿ, ಮೇಡಂ ಎಲ್ಲಕ್ಕಿಂತ ಮೆತ್ತನೆಯ ಬಿಲ್ಲೆ, ಎಲ್ಲಕ್ಕಿಂತ ನಯವಾದ ಪಾಲಿಶು ತೆಗೆದುಕೊಂಡರು. ಸುಳಿ ಹೋಗಲಿಲ್ಲ. ಒಂದು ಮೆಟ್ಟಿಲು ಮೇಲಿನ ಬಿಲ್ಲೆ ಹಾಕಿದರು. ಅರ್ಧ ಹೋಯಿತು. ಸ್ವಲ್ಪ ಒರಟು ಪಾಲಿಶು ಹಾಕಿದಾಗ ಚೌಕದೊಳಗಿನ ಬಲೆ ಮಾಯವಾಯಿತು.

"ಮೊದಲೇ ಇದನ್ನ ಹಾಕಬಹುದಿತ್ತಲ್ಲ ಮೇಡಂ?" ಎಂದೆ.

"ಹಾಕಬಹುದಿತ್ತು. ಆದ್ರೆ ಮೆತ್ತನೇದ್ರಲ್ಲಿ ಆಗತ್ತಾ ಅಂತ ನೋಡದೆ ಗಟ್ಟಿದಕ್ಕೆ ಕೈ ಹಾಕಬಾರ್ದು. ನಿಮ್ಮ ಡಾಕ್ಟ್ರೂ ಹಂಗೇ ಅಲ್ವಾ ಮಾತ್ರೆ ಬರೆಯೋದು?"

ಎರಡು ದಿನ ಹಿಡಿಯಿತು. ಪಾಲಿಶು ಹಚ್ಚಿ, ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ವೇಗ ಏರಿಸಿ, ಆಮೆಯ ಹಾಗೆ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಸಾಗಬೇಕು. ಒಂದು ಸಾಲು ಇನ್ನೊಂದರ ಅರ್ಧ ಮೇಲೆ ಬರಬೇಕು. ವೈರು ಬಣ್ಣಕ್ಕೆ ತಾಗದಂತೆ ಹೆಗಲ ಮೇಲೆ ಹಾಕಿಕೊಳ್ಳಬೇಕು. ಆಗಾಗ ಬಿಲ್ಲೆಗೆ ಮೆತ್ತಿದ ಪಾಲಿಶನ್ನು ಬ್ರಷ್ಷಿನಿಂದ ಉಜ್ಜಿ ಬಿಡಿಸಬೇಕು. ನಡುವೆ ಕರೆಂಟು ಹೋಯಿತು. ಪಕ್ಕದಲ್ಲೇ ಜೋಗ ಇಟ್ಟುಕೊಂಡು ನಮಗೆ ಈ ಗತಿ ಎಂದು ನಾನು ಬೈದೆ. ಮೇಡಂ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಹಾಡು ಗುನುಗುತ್ತ ಕೂತರು. ಅವರು ಹಾಡುತ್ತಾರೆಂದು ನನಗೆ ಗೊತ್ತಾದದ್ದೇ ಅವತ್ತು.

ಎಡಬಾಗಿಲ ಮೇಲೆ ಒಂದು ಉದ್ದನೆಯ ಗೀರಿತ್ತು, ಯಾವಾಗಲೋ ಯಾರೋ ಗೇಟಿನ ಕಂಬಕ್ಕೆ ಒರೆಸಿದ್ದು. ಅಲ್ಲಿಗೆ ಬಂದಾಗ ಮೇಡಂ ಉಗುರಿನಿಂದ ಸವರಿದರು. ಉಗುರು ಸಿಕ್ಕಿಕೊಂಡಿತು. "ಇದು ಆಳಕ್ಕೆ ಹೋಗಿದೆ. ಇದನ್ನ ತೆಗೀತೀನಿ ಅಂತ ಹಟ ಹಿಡಿದ್ರೆ ಸುತ್ತಲ ಬಣ್ಣಾನೂ ಕಳ್ಕೊತೀವಿ. ಇರ್ಲಿ ಬಿಡಿ." ಬಾನೆಟ್ಟಿನ ಸುಟ್ಟ ಅಂಚಿಗೂ ಅಷ್ಟೆ. ಬಣ್ಣದಂಗಡಿಯಲ್ಲಿ ಹತ್ತಿರದ ನೀಲಿ ಬೆರೆಸಿ ತಂದು, ಸಣ್ಣ ಕುಂಚದಲ್ಲಿ ತೇಪೆ ಹಚ್ಚಿದರು. ಹತ್ತಿರ ಬಂದರೆ ಕಾಣುತ್ತಿತ್ತು. ಮುಚ್ಚಿಡಲು ಅವರು ಪ್ರಯತ್ನಿಸಲೂ ಇಲ್ಲ.

ಎರಡನೆಯ ದಿನ ಸಂಜೆಗೆ ಮುಂಚೆ ಕಾರನ್ನು ಶೆಡ್ಡಿನಿಂದ ಬಿಸಿಲಿಗೆ ತಂದೆವು. ನಿಜ ಹೇಳಬೇಕೆಂದರೆ, ನನಗೆ ನೋಡಲು ಭಯವಾಗಿತ್ತು. ಸೂರ್ಯ ಬಾನೆಟ್ಟಿನ ಮೇಲೆ ಒಂದೇ ಒಂದು ಚುಕ್ಕೆಯಾಗಿ ಕೂತಿದ್ದ. ಸುತ್ತ ಬಲೆಯಿಲ್ಲ, ಬೂದಿಯಿಲ್ಲ. ಆಚೆಯ ನೇರಳೆ ಮರ, ಅದರ ಮೇಲಿನ ಆಕಾಶ, ನಮ್ಮಿಬ್ಬರ ಕೆದರಿದ ತಲೆ, ಎಲ್ಲ ಆ ನೀಲಿಯೊಳಗೆ ಇಳಿದು ನಿಂತಿದ್ದವು. ಮೇಡಂ ಸೊಂಟಕ್ಕೆ ಕೈಯಿಟ್ಟು ಸುತ್ತ ಒಂದು ಸಲ ನಡೆದರು. "ಒಳ್ಳೆ ಕಾರು ಮಾರಾಯ್ತಿ ನಂದು" ಎಂದರು. ಅಷ್ಟೇ.

ಹೊಸನಗರದ ಕಚೇರಿಗೆ ಕಾರು ಒಯ್ಯುವ ಹೊತ್ತಿಗೆ ಹಳೆಯ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಒಬ್ಬ ಹೆಂಗಸು, ಮಾತು ಕಡಿಮೆ. ಹೊರಗೆ ಬಂದವರು ಕಾರಿನ ಬಣ್ಣದ ಕಡೆ ಕಣ್ಣೂ ಹಾಯಿಸಲಿಲ್ಲ. "ಕಾರು ಇರ್ಲಿ. ನಿಮ್ಮ ಹತ್ರ ಕಲೀತಿರೋರು ಯಾರಾದ್ರೂ ಓಡಿಸಿ ತೋರಿಸ್ಲಿ" ಎಂದರು. ನಮ್ಮ ಎರಡು ದಿನದ ಶ್ರಮ ವ್ಯರ್ಥವಾಯಿತೆಂದು ನನಗೆ ಅನ್ನಿಸುವಷ್ಟರಲ್ಲೇ ಮೇಡಂ ನನ್ನ ಕಡೆ ತಿರುಗಿ, "ಸಿಸ್ಟರ್ ಓಡಿಸ್ತಾರೆ" ಎಂದುಬಿಟ್ಟರು. ನಾನಿನ್ನೂ ಎಲ್‌ಎಲ್‌ನವಳು. ಅಧಿಕಾರಿ ಹಿಂದೆ ಕೂತರು.

ಕಚೇರಿಯ ಮುಂದಿನ ರಸ್ತೆ ಕಡಿದಾದ ಏರು. ಅರ್ಧದಲ್ಲಿ ಅಧಿಕಾರಿ, "ಇಲ್ಲಿ ನಿಲ್ಸಿ" ಎಂದರು. ನಿಲ್ಲಿಸಿದೆ. ಹಿಂದೆ ಒಂದು ಗೂಡ್ಸ್ ಗಾಡಿ ಬಂದು ನಿಂತಿತು. "ಈಗ ಹೊರಡಿ." ಏರಿನಲ್ಲಿ ಹೊರಡುವುದೇ ನನಗೆ ಯಾವಾಗಲೂ ಎಡವಟ್ಟು. ಕಾರು ಹಿಂದೆ ಜಾರಿದರೆ ಎಲ್ಲ ಮುಗಿಯಿತು: ತರಬೇತಿ, ಶಾಲೆ, ಎಲ್ಲ. ಆಗ ಮೇಡಂ ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಚಪ್ಪಲಿ ಬಿಟ್ಟು, ಎರಡೂ ಕಾಲು ಸೀಟಿನ ಮೇಲೆ ಎತ್ತಿಕೊಂಡು, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು.

"ನನ್ನ ಕಾಲು ಮೇಲಿದೆ ನೋಡಿ. ಕಾರು ಈಗ ನಿಮ್ದು" ಎಂದರು, ಮೆಲ್ಲಗೆ.

ಹ್ಯಾಂಡ್ ಬ್ರೇಕ್ ಹಿಡಿದಿದ್ದೆ. ಕ್ಲಚ್ಚಿನ ಮೇಲಿದ್ದ ಎಡಗಾಲನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಇಂಜಿನ್ನಿನ ದನಿ ಬದಲಾದದ್ದು ಮೈಗೇ ಗೊತ್ತಾಯಿತು. ಬ್ರೇಕ್ ಇಳಿಸಿದೆ. ಕಾರು ಒಂದಿಂಚೂ ಹಿಂದೆ ಸರಿಯದೆ ಏರಿನ ತಲೆಗೆ ಹೋಗಿ ನಿಂತಿತು.

ಇಳಿದ ಮೇಲೆ ಅಧಿಕಾರಿ ಬಾಗಿಲ ಹತ್ತಿರ ಒಂದು ಕ್ಷಣ ನಿಂತರು. ಆ ನೀಲಿಯಲ್ಲಿ ತಮ್ಮ ಮುಖ ಕಂಡಿರಬೇಕು. ಓರೆಯಾಗಿದ್ದ ಹಣೆಯ ಬಿಂದಿಯನ್ನು ಬೆರಳಿನಿಂದ ಸರಿಮಾಡಿಕೊಂಡರು. ಆಮೇಲೆ, "ಹೊಸ ಕಾರಾ?" ಎಂದರು.

"ಇಲ್ಲ ಮೇಡಂ, ಹಳೇದೇ. ಇಲ್ಲಿ ನೋಡಿ, ಸುಟ್ಟಿದೆ. ಇಲ್ಲೊಂದು ಗೀರಿದೆ. ಉಳಿದಿದ್ದು ನಾನೂ ಸಿಸ್ಟರೂ ಸೇರಿ ಮಾಡಿದ್ದು" ಎಂದರು ನಮ್ಮ ಮೇಡಂ, ಎರಡು ಕಲೆಗಳನ್ನೂ ಬೆರಳಿಟ್ಟು ತೋರಿಸುತ್ತ. ತರಬೇತಿ ಅವರಿಗೇ ಸಿಕ್ಕಿತು. ಬಣ್ಣ ನೋಡಿ ಕೊಟ್ಟರೋ, ಏರು ನೋಡಿ ಕೊಟ್ಟರೋ, ಕಲೆ ತೋರಿಸಿದ್ದಕ್ಕೆ ಕೊಟ್ಟರೋ, ನನಗಂತೂ ಗೊತ್ತಿಲ್ಲ.

ಆಮೇಲೆ ಎಷ್ಟು ಹೆಂಗಸರು ಆ ಕಾರಿನಲ್ಲಿ ಕಲಿತರೋ ಲೆಕ್ಕವಿಟ್ಟವರಿಲ್ಲ. ಆಶಾ ಕಾರ್ಯಕರ್ತೆಯರು, ಶಿಕ್ಷಕಿಯರು, ತೋಟದ ಮನೆಯವರು, ಮೀನು ಮಾರುವ ಒಬ್ಬರು. ಕಾರು ಓಡಿಸುವುದರ ಜೊತೆ ಅದನ್ನು ತೊಳೆಯುವುದು, ಸುಳಿ ತೆಗೆಯುವುದು ಕೂಡ ಮೇಡಂ ಪಾಠದಲ್ಲಿ ಸೇರಿತು. ಅವರಲ್ಲಿ ಇಬ್ಬರು ಅದೇ ಗಿರಣಿ ಶೆಡ್ಡಿನಲ್ಲಿ ಪಾಲಿಶ್ ಕೆಲಸ ಶುರುಮಾಡಿದರು. ಮೊದಲು ಬಂದ ಗಿರಾಕಿಗಳು "ಗಂಡಸರು ಯಾರೂ ಇಲ್ವಾ?" ಎಂದು ಒಳಗೆ ಇಣುಕುತ್ತಿದ್ದರು. ಈಗ ತಾಳಗುಪ್ಪದಿಂದ, ಜೋಗದಿಂದ ಕಾರು ತಂದು ಬಿಟ್ಟು, ಸಂಜೆ ಬಂದು ಒಯ್ಯುತ್ತಾರೆ. ನನ್ನ ಗಂಡ ಬೇಕರಿಯ ವ್ಯಾನನ್ನು ಪಾಲಿಶಿಗೆ ಅವರಿಬ್ಬರ ಕೈಗಲ್ಲದೆ ಬೇರೆ ಯಾರ ಕೈಗೂ ಕೊಡುವುದಿಲ್ಲ. ಲೈಸೆನ್ಸ್ ಸಿಕ್ಕ ಮೇಲೆ ಕೊಂಡ ಹಳೆಯ ಕಾರಿನಲ್ಲಿ ನಾನು ದಿನವೂ ಕೆಲಸಕ್ಕೆ ಹೋಗಿಬರುತ್ತೇನೆ. ಒಮ್ಮೆ ಹೆರಿಗೆ ನೋವು ಬಂದವಳನ್ನು ಜಡಿಮಳೆಯಲ್ಲಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ್ದೇನೆ. ಆ ಸುದ್ದಿ ಕೇಳಿ ಮೇಡಂ ಫೋನು ಮಾಡಿ, "ತಾಯಿ ಮಗು ಹೆಂಗಿದಾರೆ?" ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. "ಡ್ರೈವರು?" ಎಂದರು.

ಕಳೆದ ವರ್ಷ ಮೇಡಂ ಆರೋಗ್ಯ ಕೆಟ್ಟು ತೀರ್ಥಹಳ್ಳಿಯ ತಮ್ಮನ ಮನೆಗೆ ಹೋದರು. ನಾನು ಹೋಗಿ ಡ್ರಿಪ್ ಹಾಕುವಾಗ ಕೈ ನಡುಗುತ್ತದೆಯೇ ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ನಡುಗಲಿಲ್ಲ. ಮಳೆ ನಿಂತ ಮೇಲೆ, ಒಂದು ಬೆಳಿಗ್ಗೆ, ಅವರು ತೀರಿಕೊಂಡರು.

ಅವರ ತಮ್ಮ ನಾಲ್ಕೈದು ಜನರಿಗಷ್ಟೇ ಫೋನು ಮಾಡಿದ್ದರಂತೆ. "ಅಕ್ಕಂಗೆ ಯಾರಿದಾರೆ, ನಾವೇ ನಾಲ್ಕು ಜನ" ಎಂದುಕೊಂಡಿದ್ದರು. ಹತ್ತು ಗಂಟೆಯ ಹೊತ್ತಿಗೆ ಆ ಓಣಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಸಾಗರದಿಂದ, ಹೊಸನಗರದಿಂದ, ತೀರ್ಥಹಳ್ಳಿಯ ಸುತ್ತಲಿನಿಂದ ಒಂದರ ಹಿಂದೊಂದು ಬರುತ್ತಲೇ ಇದ್ದವು. ಪ್ರತಿ ಕಾರಿನ ಬಲಬಾಗಿಲಿಂದಲೂ ಇಳಿದದ್ದು ಹೆಂಗಸರು. ಬಂದಿದ್ದ ಕೆಲವು ಗಂಡಂದಿರು ಎಡಗಡೆಯಿಂದ ಇಳಿದರು. ಪಕ್ಕದ ಮನೆಯ ಅಜ್ಜ ಜಗಲಿಯಿಂದ ನನ್ನನ್ನು ಕರೆದು ಕೇಳಿದರು, "ಯಾರು ತಂಗಿ ಹೋಗಿದ್ದು? ದೊಡ್ಡ ಆಫೀಸರ್ರಾ?"

"ನಮ್ಮ ಮೇಡಂ ಅಜ್ಜ" ಎಂದೆ. "ನಮಗೆಲ್ಲ ಓಡಿಸೋಕೆ ಕಲಿಸಿದೋರು."

ಎಲ್ಲ ಮುಗಿದ ಮೇಲೆ ಹೊರಡುವ ಹೊತ್ತು. ಓಣಿಯ ಆಚೆ ತುದಿ ಮುಚ್ಚಿದೆ, ತಿರುಗಿಸಲು ಜಾಗವಿಲ್ಲ. ಎಲ್ಲರೂ ಹಿಮ್ಮುಖವಾಗಿಯೇ ಮುಖ್ಯ ರಸ್ತೆಗೆ ಹೋಗಬೇಕು. ಎರಡೂ ಬದಿಗೆ ಕಲ್ಲಿನ ಪಾಗಾರ ಗೋಡೆ. ಬೀದಿಯ ಗಂಡಸರು ಕೈ ಬೀಸಿ ದಾರಿ ಹೇಳಲು ಮುಂದೆ ಬಂದರು. ಯಾರೂ ಅವರ ಕಡೆ ನೋಡಲಿಲ್ಲ. ಕೊನೆಯಲ್ಲಿ ಬಂದವರು ಮೊದಲು, ಮೊದಲು ಬಂದವರು ಕೊನೆಗೆ, ಹಾರನ್ನಿಲ್ಲ, ಕೂಗಿಲ್ಲ, ಕನ್ನಡಿ ನೋಡಿಕೊಂಡು ಒಬ್ಬೊಬ್ಬರೇ ಹಿಂದೆ ಹಿಂದೆ ಹೋದರು. ಮುಂದೆ ಬಂದಿದ್ದ ಗಂಡಸರು ಕೈ ಇಳಿಸಿ ಪಾಗಾರಕ್ಕೆ ಒರಗಿ ನೋಡುತ್ತ ನಿಂತರು. ಮೇಡಂ ತಮ್ಮ ನನ್ನ ಪಕ್ಕದಲ್ಲಿದ್ದರು. ಅಳುತ್ತಳುತ್ತಲೇ, "ಇಷ್ಟೂ ಜನ ಅಕ್ಕನ ಕಡೆಯವ್ರಾ?" ಎಂದು ಕೇಳಿದರು.

"ಹೌದು" ಎಂದೆ. "ಎಲ್ಲರೂ." ಕಣ್ಣೊರೆಸಿಕೊಂಡು ಕಾರು ಹತ್ತಿದೆ. ನನ್ನ ಸರದಿ ಬಂದಿತ್ತು.